ಬಲ್ಲ ಹಾಡನ್ನೇ ಮತ್ತೆ ಕೇಳುವಾಗ

ಬಲ್ಲ ವಚನವೊಂದನ್ನು ಗಾಯಕರು ಎತ್ತಿಕೊಂಡೊಡನೆ ಕೇಳುಗರ ಮನಸ್ಸು ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಬರಲಿರುವ ಸ್ವರವು ಕಿವಿಗೆ ಬೀಳುವ ಮೊದಲೇ ಒಳಗೆ ಮಿಡಿದಿರುತ್ತದೆ. ಇದು ನೆನಪಿನ ಕೆಲಸ.

ಆ ನೆನಪು ಎರಡು ಬಗೆಯದು. ಒಂದು, ಸಂಗೀತದ ನಡೆಯ ನೆನಪು. ಭೂಪ್ ರಾಗದಲ್ಲಿ ಮಧ್ಯಮ, ನಿಷಾದಗಳಿಲ್ಲ. ರಾಗದ ಹೆಸರನ್ನೇ ಅರಿಯದವರೂ ಅದನ್ನು ಹಲವು ಸಲ ಕೇಳಿದ್ದರೆ, ನಡುವೆ ಮಧ್ಯಮ ನುಸುಳಿದಾಗ ಏನೋ ತಪ್ಪಿತೆಂದು ಗುರುತಿಸಬಲ್ಲರು. ಇನ್ನೊಂದು, ಆ ಹಾಡಿನದೇ ನೆನಪು. ಶರಣರು ವಚನಗಳಿಗೆ ಸ್ವರಲಿಪಿಯನ್ನು ಬರೆದಿಟ್ಟವರಲ್ಲ. ಆದುದರಿಂದ ಒಂದೇ ವಚನವನ್ನು ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಒಂದು ವಚನವನ್ನು ಕೇಳಿ ಬೆಳೆದವರಿಗೆ ಬೇರೆ ಧಾಟಿಯು ಒಗ್ಗದು. ‘ಇದು ಸರಿಯಿಲ್ಲ’ ಎಂದು ನಾವು ಗೊಣಗುವುದುಂಟು. ಹಾಡಿದವರ ದೋಷ ಅದರಲ್ಲೇನೂ ಇರುವುದಿಲ್ಲ, ಪಾಪ!

2011ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಕೇಳುಗರು ತಾವೇ ಆಯ್ದು ತಂದ ಮೆಚ್ಚಿನ ಸಂಗೀತವನ್ನು ಕೇಳಿಸಿ ಅವರ ಮಿದುಳನ್ನು ಪರೀಕ್ಷಿಸಿದರು. ರೋಮಾಂಚನದ ಘಟ್ಟದಲ್ಲಿ ಡೋಪಮೈನ್ ಎಂಬ ರಾಸಾಯನಿಕವು ಸ್ರವಿಸಿತು. ಆ ಘಟ್ಟ ಬರಲಿದೆಯೆಂಬ ನಿರೀಕ್ಷೆಯಲ್ಲಿಯೂ, ಮಿದುಳಿನ ಮತ್ತೊಂದು ಭಾಗದಲ್ಲಿ, ಸ್ರವಿಸಿತು. ಕಾಯುವುದೂ ಸುಖದ ಪಾಲೇ ಆಗಿದೆ.

ಮರೆಗುಳಿ ರೋಗದ ಹಿರಿಯರಿರುವ ಮನೆಗಳಿಗೆ ಈ ವಿಷಯವು ಹೆಚ್ಚು ಪ್ರಸ್ತುತ. ಮಗನ ಹೆಸರನ್ನು ಮರೆತ ತಾಯಿ ಹಳೆಯ ಹಾಡಿನ ಮುಂದಿನ ಸಾಲಿಗೆ ದನಿಗೂಡಿಸುವುದನ್ನು ಕಂಡು ಮನೆಯವರು ಬೆರಗಾಗುತ್ತಾರೆ. ಕೆಲವರು ‘ಮರೆವು ಬರಿಯ ನಟನೆ’ ಎಂದು ಸಂಶಯಿಸುವುದೂ ಉಂಟು. ಆ ಸಂಶಯವು ಅನ್ಯಾಯ. ಬಹುಕಾಲದಿಂದ ಬಲ್ಲ ಸಂಗೀತವನ್ನು ನೆನೆಯಲು ನೆರವಾಗುವ ಮಿದುಳಿನ ಕೆಲವು ಭಾಗಗಳು ಅಲ್‌ಝೈಮರ್ ರೋಗದಲ್ಲಿ ಉಳಿದವುಗಳಷ್ಟು ಬೇಗ ಕೆಡುವುದಿಲ್ಲವೆಂದು ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಹೆಸರಿನ ನೆನಪು ಅಳಿದರೂ ಹಾಡಿನ ನೆನಪು ಉಳಿಯಬಲ್ಲದು.

ಇಂಥವರಿಗೆ ನಮ್ಮ ಮೆಚ್ಚಿನ ಹೊಸ ಹಾಡು ಬೇಡ. ಅವರು ಎಳೆಯ ವಯಸ್ಸಿನಲ್ಲಿ ಕೇಳಿದ್ದು, ಸಾಧ್ಯವಾದರೆ ಅದೇ ಕಂಠದಲ್ಲಿ, ಅದೇ ಧಾಟಿಯಲ್ಲಿ ಇರಲಿ. ಟಿ.ವಿ.ಯನ್ನು ಆರಿಸಿ, ಮೆಲುದನಿಯಲ್ಲಿ ಕೇಳಿಸಬೇಕು. ಶ್ರವಣಸಾಧನವಿದ್ದರೆ ತೊಡಿಸಬೇಕು. ನಡುವೆ ನಿಲ್ಲಿಸಿ ‘ಇದು ಯಾರ ವಚನ, ಹೇಳಿ’ ಎಂದು ಪರೀಕ್ಷಿಸಬಾರದು. ಮುಖದಲ್ಲಿ ಕಳವಳ ಕಂಡರೆ ಹಾಡನ್ನು ನಿಲ್ಲಿಸಬೇಕು. ಕೆಲವು ಹಾಡುಗಳೊಡನೆ ಹಳೆಯ ದುಃಖವೂ ಮರಳುತ್ತದೆ. ವೈದ್ಯರು ಕೊಟ್ಟ ಔಷಧಿಯನ್ನು ಮಾತ್ರ ಇದರ ಕಾರಣಕ್ಕೆ ಬಿಡಕೂಡದು.