ಕನ್ನಡಕಕ್ಕೆ ‘ಪಿಡಿ’ ಅಳೆಯಲು ಹಣೆ ಮೇಲೆ ಎಟಿಎಂ ಕಾರ್ಡ್ ಇಟ್ಟು ಸೆಲ್ಫಿ ಕಳಿಸಬೇಕೇ?

ಆವರಗೆರೆಯ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕನ್ನಡಕ ಆರ್ಡರ್ ಮಾಡುವುದು ಈಗ ಸಲೀಸು. ಫ್ರೇಮ್ ಆರಿಸಿದಿರಿ, ಡಾಕ್ಟರ್ ಚೀಟಿಯಲ್ಲಿದ್ದ ಪವರ್ ತುಂಬಿದಿರಿ. ಆಮೇಲೆ ಬರುತ್ತದೆ ‘ಪಿಡಿ ಎಷ್ಟು?’ ಎಂಬ ಪ್ರಶ್ನೆ. ಚೀಟಿಯಲ್ಲಿ ಆ ಜಾಗ ಬಹಳ ಸಲ ಖಾಲಿ ಇರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಒಬ್ಬರು ‘63 ಅಂತ ಹಾಕಿ, ಎಲ್ಲರಿಗೂ ನಡೆಯುತ್ತೆ’ ಅನ್ನುತ್ತಾರೆ. ಇನ್ನೊಬ್ಬರು ‘ಹಣೆ ಮೇಲೆ ಎಟಿಎಂ ಕಾರ್ಡ್ ಇಟ್ಟು ಸೆಲ್ಫಿ ಕಳಿಸಿ, ಅಳೆದು ಹೇಳ್ತೀನಿ’ ಅನ್ನುತ್ತಾರೆ. ಮೊದಲನೆಯದು ಅರ್ಧ ಸತ್ಯ. ಎರಡನೆಯದರಿಂದ ಕಣ್ಣಿಗಿಂತ ಬ್ಯಾಂಕ್ ಖಾತೆಗೇ ಹೆಚ್ಚು ಅಪಾಯ.

ಪಿಡಿ ಎಂದರೆ ಒಂದು ಕಣ್ಣಿನ ಪಾಪೆಯ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರ, ಮಿಲಿಮೀಟರಿನಲ್ಲಿ. ವಯಸ್ಕರಲ್ಲಿ ಇದರ ಸರಾಸರಿ 63ರ ಆಸುಪಾಸು. ಆದರೆ 54ರಿಂದ 74ರವರೆಗೂ ಜನರಿದ್ದಾರೆ. ಲೆನ್ಸಿನಲ್ಲಿ ನೋಟ ವಕ್ರವಾಗದೆ ನೇರವಾಗಿ ಹಾಯುವ ಒಂದು ಕೇಂದ್ರ ಬಿಂದು ಇರುತ್ತದೆ. ಅದು ಪಾಪೆಯ ಎದುರಿಗೇ ಬರಬೇಕು. ಪಕ್ಕಕ್ಕೆ ಸರಿದರೆ ಲೆನ್ಸು ಪಟ್ಟಕದಂತೆ ವರ್ತಿಸಿ ಚಿತ್ರವನ್ನು ಸರಿಸುತ್ತದೆ.

ಎಷ್ಟು ಸರಿಸುತ್ತದೆ ಎಂಬುದಕ್ಕೆ ಪ್ರೆಂಟಿಸ್ ನಿಯಮ ಎಂಬ ಸರಳ ಲೆಕ್ಕ ಇದೆ: ಕೇಂದ್ರ ಎಷ್ಟು ಸೆಂಟಿಮೀಟರ್ ತಪ್ಪಿದೆಯೋ ಅದನ್ನು ಪವರಿನಿಂದ ಗುಣಿಸಿ. ನಿಮ್ಮ ಪಿಡಿ 57 ಇದ್ದು, 63 ಎಂದು ಹಾಕಿದಿರಿ ಅನ್ನಿ. ಒಂದೊಂದು ಕಣ್ಣಿಗೆ 3 ಮಿಲಿಮೀಟರ್ ತಪ್ಪು. ಪವರ್ ಎರಡೂ ಕಣ್ಣಿಗೆ ಮೈನಸ್ 5 ಇದ್ದರೆ, ಒಂದು ಮೀಟರ್ ದೂರದಲ್ಲಿ ಎರಡು ಕಣ್ಣುಗಳ ಚಿತ್ರಗಳ ನಡುವೆ ಒಟ್ಟು 3 ಸೆಂಟಿಮೀಟರ್ ಅಂತರ ಬೀಳುತ್ತದೆ. ಅವೆರಡನ್ನೂ ಒಂದು ಮಾಡಲು ಕಣ್ಣಿನ ಸ್ನಾಯುಗಳು ದಿನವಿಡೀ ಹೆಣಗಬೇಕು. ತಲೆನೋವು, ಕಣ್ಣೆಳೆತ, ಕೆಲವೊಮ್ಮೆ ಎರಡೆರಡು ಕಾಣುವುದು, ಎಲ್ಲಕ್ಕೂ ಇದು ಕಾರಣವಾಗಬಹುದು. ಅದೇ ತಪ್ಪು ಮೈನಸ್ 1 ಇದ್ದವರಲ್ಲಿ ಕೇವಲ 6 ಮಿಲಿಮೀಟರ್ ಅಂತರ. ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ. ‘ನನಗೆ 63 ಹಾಕಿದ್ರೂ ಏನೂ ಆಗ್ಲಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅವರ ಪವರ್ ಕಡಿಮೆ ಇರಬಹುದು ಅಷ್ಟೇ.

ದುಗ್ಗಮ್ಮನ ಜಾತ್ರೆಯಲ್ಲೋ ಬಸ್ ಸ್ಟ್ಯಾಂಡ್ ಹತ್ತಿರವೋ ಕೊಂಡ ರೆಡಿಮೇಡ್ ಚಾಳೀಸಿನಲ್ಲಿ ಹಿರಿಯರು ಪೇಪರ್ ಓದಿಕೊಳ್ಳುವುದೂ ಇದೇ ಕಾರಣಕ್ಕೆ. (ನಲವತ್ತರ ಹೊತ್ತಿಗೆ ಬೇಕಾಗುವುದರಿಂದಲೇ ಅದು ‘ಚಾಳೀಸು’.)

ಇನ್ನು ಕಾರ್ಡಿನ ವಿಷಯ. ಎಟಿಎಂ ಕಾರ್ಡಿನ ಅಗಲ ಎಲ್ಲೆಡೆ 85.6 ಮಿಲಿಮೀಟರ್. ಹಾಗಾಗಿ ಫೋಟೊದಲ್ಲಿ ಅದನ್ನು ಅಳತೆಗೋಲಾಗಿ ಬಳಸುವುದು ತಪ್ಪಲ್ಲ. ಆದರೆ ಸೆಲ್ಫಿಯಲ್ಲಿ ನೀವು ಕೈಯಳತೆಯ ಫೋನನ್ನೇ ನೋಡುತ್ತಿರುತ್ತೀರಿ. ಹತ್ತಿರ ನೋಡುವಾಗ ಎರಡೂ ಪಾಪೆಗಳು ಮೂಗಿನ ಕಡೆ ವಾಲುತ್ತವೆ, ಅಳತೆ ಕಡಿಮೆ ಬರುತ್ತದೆ. ಅದಕ್ಕಿಂತ ಮುಖ್ಯ, ಕಾರ್ಡಿನ ನಂಬರ್, ಅವಧಿ, ಸಿವಿವಿ ಫೋಟೊದಲ್ಲಿ ಸ್ಪಷ್ಟ ಮೂಡುತ್ತವೆ. ಕೆಲವು ಕಾರ್ಡುಗಳಲ್ಲಿ ಎಲ್ಲವೂ ಹಿಂಬದಿಯಲ್ಲೇ ಇರುವುದರಿಂದ ತಿರುಗಿಸಿ ಹಿಡಿದರೂ ಪ್ರಯೋಜನವಿಲ್ಲ. ಆಧಾರ್ ಕಾರ್ಡೂ ಬೇಡ. ಇಂಥ ಫೋಟೊ ಈಗಾಗಲೇ ಗುಂಪಿಗೆ ಹಾಕಿದ್ದರೆ ಅಳಿಸಿ, ಬ್ಯಾಂಕಿಗೆ ಹೇಳಿ ಕಾರ್ಡ್ ಬದಲಿಸಿಕೊಳ್ಳಿ.

ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಸಾಕು. ಕನ್ನಡಿಯಿಂದ ಒಂದು ಗೇಣು ದೂರ ನಿಂತು, ಸ್ಕೇಲನ್ನು ಹುಬ್ಬಿನ ಕೆಳಗೆ ಅಡ್ಡ ಹಿಡಿಯಿರಿ. ಬಲಗಣ್ಣು ಮುಚ್ಚಿ, ಎಡ ಪಾಪೆಯ ನಡುವಿಗೆ ಸೊನ್ನೆ ಹೊಂದಿಸಿ. ತಲೆ, ಸ್ಕೇಲ್ ಎರಡೂ ಅಲುಗದಂತೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಿರಿ. ಬಲ ಪಾಪೆಯ ನಡುವೆ ಬಂದ ಅಂಕಿಯೇ ಪಿಡಿ. ಒಂದೊಂದೇ ಕಣ್ಣು ತೆರೆದಾಗ ಅದು ತನ್ನದೇ ಬಿಂಬವನ್ನು ನೇರ ನೋಡುತ್ತದೆ. ಹಾಗಾಗಿ ಹತ್ತಿರ ನಿಂತರೂ ದೂರದ ನೋಟದ ಅಳತೆಯೇ ಸಿಗುತ್ತದೆ. ನಮ್ಮ ಕಡುಗಂದು ಕಣ್ಣಿನಲ್ಲಿ ಪಾಪೆ ಬೇರೆಯಾಗಿ ಕಾಣುವುದು ಕಷ್ಟ. ಆಗ ಕಪ್ಪು ಗುಡ್ಡೆಯ ಅಂಚನ್ನೇ ಹಿಡಿಯಿರಿ: ಎಡಗಣ್ಣಿನ ಗುಡ್ಡೆಯ ಕಿವಿ ಕಡೆಯ ಅಂಚಿನಿಂದ ಬಲಗಣ್ಣಿನ ಗುಡ್ಡೆಯ ಮೂಗಿನ ಕಡೆಯ ಅಂಚಿಗೆ. ಮೂರು ಸಲ ಅಳೆದು, ಮೂರೂ ಒಂದೆರಡು ಮಿಲಿಮೀಟರಿನೊಳಗೆ ಬಂದರೆ ನಡುವಿನದನ್ನು ಬರೆದುಕೊಳ್ಳಿ. ಬೆಳಕು ಚೆನ್ನಾಗಿರಲಿ.

ಓದಲು ಮಾತ್ರ ಬಳಸುವ ಕನ್ನಡಕವಾದರೆ ಇದರಲ್ಲಿ 3 ಮಿಲಿಮೀಟರಿನಷ್ಟು ಕಳೆಯುವುದು ವಾಡಿಕೆ.

ತಪ್ಪು ಪಿಡಿಯಿಂದ ದೊಡ್ಡವರ ಕಣ್ಣು ಶಾಶ್ವತವಾಗಿ ಹಾಳಾಗುತ್ತದೆ ಎಂಬ ಹೆದರಿಕೆ ಬೇಡ. ಕನ್ನಡಕ ತೆಗೆದರೆ ತೊಂದರೆಯೂ ಹೋಗುತ್ತದೆ. ಮಕ್ಕಳ ಮಾತು ಬೇರೆ. ಅವರ ದೃಷ್ಟಿ ಇನ್ನೂ ಬೆಳೆಯುತ್ತಿರುತ್ತದೆ, ಪಿಡಿಯೂ ಬೆಳೆಯುತ್ತದೆ. ಅವರಿಗೆ, ಮೈನಸ್ ಅಥವಾ ಪ್ಲಸ್ 4ಕ್ಕಿಂತ ಹೆಚ್ಚಿನ ಪವರಿನವರಿಗೆ, ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್ ಇರುವ ಪ್ರೊಗ್ರೆಸ್ಸಿವ್ ಕನ್ನಡಕದವರಿಗೆ ಮನೆಯ ಸ್ಕೇಲ್ ಸಾಲದು. ಪ್ರೊಗ್ರೆಸ್ಸಿವ್‌ಗೆ ಒಂದೊಂದು ಕಣ್ಣಿನ ಅಳತೆ ಬೇರೆ ಬೇಕು, ಫ್ರೇಮ್ ಮುಖದ ಮೇಲೆ ಕೂತಾಗಿನ ಎತ್ತರವೂ ಬೇಕು. ಇವರು ದಾವಣಗೆರೆ ಪೇಟೆಯ ಕನ್ನಡಕದಂಗಡಿಗೋ ಕಣ್ಣಿನ ಆಸ್ಪತ್ರೆಗೋ ಹೋಗುವುದೇ ಮೇಲು. ಕಣ್ಣು ಪರೀಕ್ಷೆಗೆ ಹೋದಾಗಲೇ ‘ಪಿಡಿಯನ್ನೂ ಬರೆದುಕೊಡಿ’ ಎಂದು ಕೇಳಿ, ಪ್ಯೂಪಿಲೋಮೀಟರ್ ಇದ್ದಲ್ಲಿ ಅದು ಒಂದು ನಿಮಿಷದ ಕೆಲಸ.

ಕನ್ನಡಕ ಮನೆಗೆ ಬಂದ ಮೇಲೆ ಒಂದು ವಾರ ಹಾಕಿದರೂ ತಲೆನೋವು ನಿಲ್ಲದಿದ್ದರೆ, ‘ರೂಢಿಯಾಗುತ್ತೆ’ ಎಂದು ಎಳೆಯಬೇಡಿ. ಲೆನ್ಸೋಮೀಟರ್ ಇರುವ ಅಂಗಡಿಯಲ್ಲಿ ಪವರನ್ನೂ ಲೆನ್ಸಿನ ಕೇಂದ್ರಗಳ ನಡುವಿನ ದೂರವನ್ನೂ ಅಳೆಸಿ, ನೀವು ಆರ್ಡರಿನಲ್ಲಿ ಬರೆದ ಅಂಕಿಗೆ ಹೋಲಿಸಿ. ವ್ಯತ್ಯಾಸ ಕಂಡರೆ ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆಯೇ ಕಳಿಸಿಬಿಡಿ.