ಪುಟ್ಟ ಪಾದಕ್ಕೊಂದು ಕಾಲುಚೀಲ

ನಂಜನಗೂಡಿನ ಬಿಸಿಲು ಯಾರಿಗೆ ಗೊತ್ತಿಲ್ಲ? ದೊಡ್ಡ ಜಾತ್ರೆಯ ಹೊತ್ತಿಗೆ ಶ್ರೀಕಂಠೇಶ್ವರನ ಗುಡಿಯ ಸುತ್ತಿನ ಕಲ್ಲುಹಾಸಿನ ಮೇಲೆ ಕಾಲಿಟ್ಟರೆ ಚುರ್ರೆನ್ನುತ್ತದೆ. ಅಂಥ ಊರಿನಲ್ಲಿ, ಅಂಥ ಬಿಸಿಲಿನಲ್ಲೂ ದಿನವಿಡೀ ಕಾಲುಚೀಲ ಹಾಕಿಕೊಂಡು ಓಡಾಡುವವರಿದ್ದಾರೆ. ಬಾಣಂತಿಯರು! ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕಾಲಿಗೆ ಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಪಕ್ಕದ ತೊಟ್ಟಿಲಲ್ಲಿ ಮಲಗಿರುವ ಕೂಸಿಗೂ ಅಷ್ಟೇ, ತಲೆಗೆ ಕುಲಾವಿ, ಅಂಗೈಯಷ್ಟೂ ಇಲ್ಲದ ಪಾದಗಳಿಗೆ ಉಲ್ಲನ್ ಚೀಲ.

ಒಂದು ಕಾಲಕ್ಕೆ ಈ ಚೀಲಗಳು ಅಂಗಡಿಯಿಂದ ಬರುತ್ತಿರಲಿಲ್ಲ. ಬಸುರಿಗೆ ಏಳು ತಿಂಗಳು ತುಂಬುತ್ತಿದ್ದಂತೆ ಮನೆಯಲ್ಲಿ ಯಾರಾದರೂ ಕಡ್ಡಿ ಹಿಡಿದು ಕೂರುತ್ತಿದ್ದರು. ಚಿಕ್ಕಮ್ಮನೋ, ಸೋದರತ್ತೆಯೋ, ಪಕ್ಕದ ಮನೆಯ ಟೀಚರಮ್ಮನೋ. ಮೈಸೂರು ಸೀಮೆಯ ಮಧ್ಯಮ ವರ್ಗದ ಮನೆಗಳಲ್ಲಿ ಕ್ರೋಷಾ ಕಡ್ಡಿಯಿಂದ ಮಾಡಿದ ಮೇಜಿನ ಹೊದಿಕೆ, ಉಲ್ಲನ್ ಬಾಗಿಲು ತೋರಣ, ವೈರಿನ ಬುಟ್ಟಿ, ಮಣಿಯ ಗಿಳಿ ಇವೆಲ್ಲ ಇದ್ದೇ ಇರುತ್ತಿದ್ದವು. ದಸರಾ ಗೊಂಬೆ ಕೂರಿಸುವಾಗ ಅವೂ ಒಂದು ಮೆಟ್ಟಿಲಿಗೆ ಏರುತ್ತಿದ್ದವು. ಕಲಿಸಿದವರು ಶಾಲೆಯ ಹೊಲಿಗೆ ಟೀಚರು, ಇಲ್ಲವೇ ಮನೆಯ ಹಿರಿಯರು. ಇವತ್ತು ಆ ಹಿರಿಯರಲ್ಲಿ ಅನೇಕರಿಗೆ ಕಣ್ಣು ಮಂಜಾಗಿದೆ. ಆದರೆ ಬೆರಳು ಮರೆತಿಲ್ಲ. ಕೈಗೆ ಎರಡು ಕಡ್ಡಿ, ಒಂದು ಉಂಡೆ ದಾರ ಕೊಟ್ಟರೆ ಟಿವಿ ನೋಡುತ್ತಲೇ ಹತ್ತು ಸಾಲು ಮುಗಿಸುವ ಅಜ್ಜಿಯರು ನಂಜನಗೂಡಿನಲ್ಲೂ ಇದ್ದಾರೆ, ತಿರುಮಕೂಡಲಿನಲ್ಲೂ ಇದ್ದಾರೆ. ಮೊಮ್ಮಕ್ಕಳು ಕೇಳಬೇಕಷ್ಟೆ. ಕೇಳುವುದಕ್ಕೆ ಇನ್ನೆಷ್ಟು ರಜಾಗಳು ಸಿಗುತ್ತವೆ ಎಂಬುದು ಬೇರೆಯೇ ಪ್ರಶ್ನೆ.

ನಮ್ಮಲ್ಲಿ ಕೈಯಾರೆ ಮಾಡಿ ಕೊಡುವ ಪದ್ಧತಿ ಹೊಸದೇನಲ್ಲ. ಸಂಕ್ರಾಂತಿಗೆ ಹದಿನೈದು ದಿನ ಮುಂಚೆಯೇ ಕೊಬ್ಬರಿ, ಬೆಲ್ಲ ಹೆಚ್ಚುವ ಕೆಲಸ ಶುರುವಾಗುತ್ತಿತ್ತು. ಸಕ್ಕರೆ ಅಚ್ಚು ಎರೆಯುತ್ತಿದ್ದರು. ಬೆರಳು ಬೊಕ್ಕೆ ಎದ್ದರೂ ಮನೆಯ ಮಕ್ಕಳೆಲ್ಲ ಕೂತು ಹೆಚ್ಚಿದ ಎಳ್ಳು ಬೆಲ್ಲವನ್ನೇ ಊರಿಗೆಲ್ಲ ಬೀರುತ್ತಿದ್ದರು. ಈಗ ಅದೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ ಬಿಡಿ. ಆದರೂ ಯಾವ ಮನೆಯದು ಪ್ಯಾಕೆಟ್ಟಿನದು, ಯಾವ ಮನೆಯದು ಹೆಚ್ಚಿದ್ದು ಎಂಬುದು ಬಾಯಿಗೆ ಹಾಕಿಕೊಂಡ ಕೂಡಲೇ ಗೊತ್ತಾಗಿಬಿಡುತ್ತದೆ!

ಕ್ರಿಸ್‌ಮಸ್ ರಜಾದಲ್ಲಿ ಕಡ್ಡಿ ಹಿಡಿದ ಹುಡುಗಿ ಸಂಕ್ರಾಂತಿಯ ಹೊತ್ತಿಗೆ ಒಂದು ಜೊತೆ ಮುಗಿಸಬಹುದು. ಮಾಗಿಯ ಚಳಿಗೆ ಕಾಲು ತಣ್ಣಗಾಗುತ್ತದೆಂದು ಗೊಣಗುವ ತಾತನಿಗೂ ಆದೀತು, ಅಕ್ಕನ ಕೂಸಿಗೂ ಆದೀತು. ಆದರೆ ಮೊದಲ ಪ್ರಯತ್ನಕ್ಕೆ ಕೂಸಿನ ಕಾಲೇ ಒಳ್ಳೆಯದು. ಕೈ ಪಳಗಿದವರಿಗೆ ಕೂಸಿನ ಒಂದು ಜೊತೆ ನಾಲ್ಕೈದು ಗಂಟೆಯ ಕೆಲಸ. ಹೊಸಬರಿಗೆ ಒಂದು ವಾರವೆನ್ನಿ. ದೊಡ್ಡವರದಾದರೆ ಹದಿನೈದು ಇಪ್ಪತ್ತು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಶಾಲೆ ತೆರೆದು, ಒಂದೇ ಕಾಲಿನ ಚೀಲ ಬೀರುವಿನಲ್ಲಿ ಉಳಿದುಬಿಡುವ ಅಪಾಯ ಉಂಟು.

ದಾರ ಯಾವುದು?

ಕಾಲುಚೀಲ ಎಂದರೆ ಉಣ್ಣೆಯದೇ ಎಂದು ನಾವು ಭಾವಿಸಿಬಿಟ್ಟಿದ್ದೇವೆ. ಉಣ್ಣೆಯ ವಿಷಯದಲ್ಲಿ ಈ ಸೀಮೆಯ ಪಾಡು ಸ್ವಲ್ಪ ತಮಾಷೆಯದು. ತಿ. ನರಸೀಪುರ ತಾಲ್ಲೂಕಿನ ಬನ್ನೂರು ಎಂದ ಕೂಡಲೇ ಕುರಿ ನೆನಪಾಗುತ್ತದೆ, ಆದರೆ ಬನ್ನೂರು ಕುರಿಯ ಕೀರ್ತಿಯೆಲ್ಲ ಅದರ ಮಾಂಸದ್ದು. ಅದರ ಮೈಮೇಲಿನ ಒರಟು ಕೂದಲು ಹೆಣಿಗೆಗೆ ಬರುವುದಿಲ್ಲ. ಚಳ್ಳಕೆರೆಯ ಕಡೆ ಉಣ್ಣೆಗೆ ಮಾರುಕಟ್ಟೆಯೇ ಇದೆ. ಆ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಎಳೆಯ ಚರ್ಮಕ್ಕೆ ಚುಚ್ಚುತ್ತದೆ. ನಂಜನಗೂಡಿನ ಬಳಿಯ ತಾಂಡವಪುರದ ಕಾರ್ಖಾನೆಯಲ್ಲಿ ಸ್ಕಾಟ್‌ಲೆಂಡಿನ ರೀಡ್ ಅಂಡ್ ಟೇಲರ್ ಹೆಸರಿನ ಉಣ್ಣೆಯ ಸೂಟಿಂಗ್ ಬಟ್ಟೆ ತಯಾರಾಗುತ್ತಿತ್ತು, ಅದೂ ಮಗ್ಗದ ಮಾತೇ ಹೊರತು ಕಡ್ಡಿಯದಲ್ಲ.

ಹಾಗಾದರೆ ಅಂಗಡಿಯಲ್ಲಿ 'ಉಲ್ಲನ್' ಎಂದು ಕೊಡುವ ಬಣ್ಣಬಣ್ಣದ ಉಂಡೆ? ಅದರಲ್ಲಿ ಬಹುಪಾಲು ಅಕ್ರಿಲಿಕ್, ಅಂದರೆ ಪೆಟ್ರೋಲಿಯಂ ಮೂಲದ ನೂಲು. ಅಗ್ಗ, ಒಗೆಯಲು ಸುಲಭ, ಬಣ್ಣ ಬಿಡದು. ಆದರೆ ಬೆವರು ಹೀರುವುದಿಲ್ಲ. ಒಂದು ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು, ದೊಡ್ಡವರನ್ನು ಪಕ್ಕದಲ್ಲಿಟ್ಟುಕೊಂಡು, ಉರಿಗೆ ಹಿಡಿದರೆ ಯಾವುದೆಂದು ತಿಳಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿಮಣಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು ತಾನಾಗಿ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯದು ಕಾಗದದಂತೆ ಉರಿದುಹೋಗುತ್ತದೆ.

ನಂಜನಗೂಡಿನ ಹವೆಗೆ ಹತ್ತಿಯೇ ಸರಿ. ಚರಿತ್ರೆಯೂ ಹತ್ತಿಯ ಪಕ್ಷದಲ್ಲಿದೆ. ಇಂದಿಗೆ ಉಳಿದುಬಂದಿರುವ ಅತಿ ಹಳೆಯ ಹೆಣಿಗೆಯ ಕಾಲುಚೀಲಗಳು ಸಿಕ್ಕಿರುವುದು ಚಳಿಯ ದೇಶದಲ್ಲಲ್ಲ, ಈಜಿಪ್ಟಿನಲ್ಲಿ! ಸುಮಾರು 11ರಿಂದ 14ನೇ ಶತಮಾನದ ಆ ಚೀಲಗಳು ಹತ್ತಿ ನೂಲಿನವು. ಬಿಳಿ ಮತ್ತು ನೀಲಿ ಬಣ್ಣದಲ್ಲಿ ಚಿತ್ತಾರ ತೆಗೆದವು. ಅದಕ್ಕೂ ಮುಂಚಿನ, ಸುಮಾರು 1600 ವರ್ಷಗಳಷ್ಟು ಹಳೆಯ ಕೆಂಪು ಉಣ್ಣೆಯ ಒಂದು ಜೊತೆ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದೂ ಈಜಿಪ್ಟಿನದೇ. ಅದನ್ನು ಮಾಡಿದ್ದು ಒಂದೇ ಸೂಜಿಯಿಂದ, ಬೇರೊಂದು ವಿಧಾನದಲ್ಲಿ. ಹೆಬ್ಬೆರಳಿಗೆ ಬೇರೆ ಮನೆ, ಉಳಿದ ಬೆರಳುಗಳಿಗೆ ಬೇರೆ ಮನೆ. ಚಪ್ಪಲಿ ಮೆಟ್ಟಲು ಅನುಕೂಲವಾಗಲೆಂದು! ನಮ್ಮ ಬಾಣಂತಿಯರು ನೋಡಿದ್ದರೆ ಕೂಡಲೇ ಒಪ್ಪಿಬಿಡುತ್ತಿದ್ದರು.

ಹತ್ತಿ ನೂಲಿಗೆ ನಂಜನಗೂಡಿನವರು ದೂರ ಹುಡುಕಬೇಕಾಗಿಲ್ಲ. ಚಾಮರಾಜನಗರದ ದಾರಿಯಲ್ಲಿ ಬದನವಾಳು ಸಿಗುತ್ತದೆ. ಅಲ್ಲಿ 1927ರಲ್ಲಿ ಆರಂಭವಾದ ಖಾದಿ ಕೇಂದ್ರಕ್ಕೆ ಗಾಂಧೀಜಿ ಬಂದುಹೋಗಿದ್ದರು. ಇದೇ ತಾಲ್ಲೂಕಿನ ತಗಡೂರಿನ ರಾಮಚಂದ್ರರಾಯರು ಕಟ್ಟಿದ ಖಾದಿ ಚಳವಳಿಯ ನೆಲೆ ಅದು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ನೂತು, ನೇಯ್ದು ಮನೆ ನಡೆಸಿದ ಜಾಗ. ಮುಂದೆ ಸೊರಗಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈ ಉತ್ಪನ್ನಗಳ ಪರವಾಗಿ ಸತ್ಯಾಗ್ರಹ ಹೂಡಲು ಆರಿಸಿಕೊಂಡದ್ದು ಈ ಬದನವಾಳನ್ನೇ. ಕೈನೂಲು ಒಂಟಿ ಎಳೆಯದು, ಸಣ್ಣದು. ಹಾಗೆಯೇ ಹೆಣೆಯಲಾಗದು. ನಾಲ್ಕಾರು ಎಳೆ ಜೋಡಿಸಿ ಹುರಿ ಮಾಡಿಕೊಳ್ಳಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಹೆಣಿಗೆ ಹತ್ತಿ ದಾರವೇ ಸಾಕು. ಹತ್ತಿಗೆ ಉಣ್ಣೆಯಷ್ಟು ಎಳೆತ ಬರುವುದಿಲ್ಲ, ಹಾಗಾಗಿ ಕಣಕಾಲಿನ ಪಟ್ಟಿಯನ್ನು ತುಸು ಉದ್ದವಾಗಿ ಹೆಣೆಯಬೇಕು.

ಹಿಮ್ಮಡಿಯ ಲೆಕ್ಕ

ಇನ್ನು ಕೆಲಸ. ಎರಡೂ ತುದಿ ಚೂಪಾದ ಐದು ಕಡ್ಡಿಗಳ ಒಂದು ಸೆಟ್ಟು ಬೇಕು. ನಮ್ಮ ಅಂಗಡಿಗಳಲ್ಲಿ ಇಂಗ್ಲಿಷರ ಕಾಲದ ನಂಬರೇ ಇನ್ನೂ ನಡೆಯುತ್ತದೆ. ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಕೂಸಿನ ಚೀಲಕ್ಕೆ 12ನೇ ನಂಬರು, ಎಂದರೆ 2.75 ಮಿ.ಮೀ. ಕಡ್ಡಿ ಸರಿಹೋಗುತ್ತದೆ. ಸೀದಾ ಮತ್ತು ಉಲ್ಟಾ ಎಂಬ ಎರಡೇ ಹೆಣಿಗೆ ಗೊತ್ತಿದ್ದರೆ ಸಾಕು, ಉಳಿದದ್ದು ಲೆಕ್ಕ.

ನವಜಾತ ಶಿಶುವಿಗೆ 32 ಕುಣಿಕೆ ಹಾಕಿ, ನಾಲ್ಕು ಕಡ್ಡಿಗೆ ಎಂಟೆಂಟರಂತೆ ಹಂಚಿ. ಐದನೆಯದು ಹೆಣೆಯುವ ಕಡ್ಡಿ. ಮೊದಲ ಕುಣಿಕೆಗಳನ್ನು ಬಿಗಿದರೆ ಚೀಲ ಕಾಲಿಗೇ ಏರದು, ಸಡಿಲವಾಗಿರಲಿ. ಎರಡು ಸೀದಾ, ಎರಡು ಉಲ್ಟಾ ಹಾಕುತ್ತ ಸುತ್ತಲೂ ಒಂದೂವರೆ ಎರಡು ಅಂಗುಲ ಹೆಣೆದರೆ ಕಣಕಾಲಿನ ಪಟ್ಟಿ ಮುಗಿಯಿತು. ಇಲ್ಲಿಯವರೆಗೆ ಕೊಳವೆ. ಕೊಳವೆಯನ್ನು ಪಾದದ ಕಡೆಗೆ ತಿರುಗಿಸುವುದು ಹೇಗೆ? ಹೆಣಿಗೆಯ ಬುದ್ಧಿವಂತಿಕೆಯೆಲ್ಲ ಇರುವುದು ಇಲ್ಲಿ.

32ರಲ್ಲಿ ಅರ್ಧವನ್ನು, ಎಂದರೆ 16ನ್ನು, ಪಾದದ ಮೇಲ್ಭಾಗಕ್ಕೆಂದು ಹಾಗೇ ಬಿಡಿ. ಉಳಿದ 16ರ ಮೇಲೆ ಮಾತ್ರ ಹಿಂದೆ ಮುಂದೆ 16 ಸಾಲು ಹೆಣೆಯಿರಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಜಾರಿಸಿ. ಇದು ಹಿಮ್ಮಡಿಯ ಹಿಂಬದಿ. ಈಗ ಬಟ್ಟಲು. 9 ಸೀದಾ ಹೆಣೆದು, ಮುಂದಿನ ಎರಡನ್ನು ಒಂದು ಮಾಡಿ, ಇನ್ನೊಂದು ಹೆಣೆದು, ಸಾಲು ಮುಗಿಯದಿದ್ದರೂ ತಿರುಗಿಸಿ. ಒಂದು ಜಾರಿಸಿ, 3 ಉಲ್ಟಾ, ಎರಡನ್ನು ಒಂದು ಮಾಡಿ, ಇನ್ನೊಂದು ಉಲ್ಟಾ, ಮತ್ತೆ ತಿರುಗಿಸಿ. ತಿರುಗಿದ ಜಾಗದಲ್ಲಿ ಸಣ್ಣ ಸಂದು ಕಾಣುತ್ತದೆ. ಮುಂದಿನ ಪ್ರತಿ ಸಾಲಿನಲ್ಲೂ ಸಂದಿನ ಆಚೀಚಿನ ಕುಣಿಕೆಗಳನ್ನು ಸೇರಿಸಿ ಒಂದು ಮಾಡುತ್ತ, ಇನ್ನೊಂದು ಹೆಣೆದು ತಿರುಗುತ್ತ ಹೋಗಬೇಕು. ಇಂಥ 6 ಸಾಲು ಆಗುವಷ್ಟರಲ್ಲಿ 16 ಹೋಗಿ 10 ಉಳಿಯುತ್ತದೆ. ಚಪ್ಪಟೆಯಾಗಿದ್ದ ಹೆಣಿಗೆ ಕೈಯಲ್ಲಿ ತಾನಾಗಿ ಬಟ್ಟಲಾಗಿ ಮಡಿಸಿಕೊಳ್ಳುತ್ತದೆ. ಮೊದಲ ಸಲ ನೋಡಿದವರು 'ಅರೆ!' ಎನ್ನದೆ ಇರಲಾರರು.

ಹಿಮ್ಮಡಿಯ ಎರಡು ಅಂಚಿನಿಂದಲೂ 8 ಕುಣಿಕೆಗಳನ್ನು ಎತ್ತಿಕೊಳ್ಳಿ. 10, 8, 8, ಬಿಟ್ಟಿದ್ದ 16. ಒಟ್ಟು 42. ಮತ್ತೆ ಸುತ್ತು ಹೆಣಿಗೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ, ಎರಡು ಪಕ್ಕದಲ್ಲೂ ಒಂದೊಂದು ಕಡಿಮೆ ಮಾಡಿದರೆ ಐದು ಸಲಕ್ಕೆ 32 ಬರುತ್ತದೆ. ಅಲ್ಲಿಂದ ಪಾದದ ಉದ್ದ. ತುದಿಯಲ್ಲಿ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ನಾಲ್ಕು ನಾಲ್ಕು ಕಡಿಮೆ ಮಾಡುತ್ತ 12 ಉಳಿದಾಗ ದಾರ ಕತ್ತರಿಸಿ, ಅವುಗಳೊಳಗೆ ತೂರಿಸಿ ಬಿಗಿದರೆ ಆಯಿತು. ದೊಡ್ಡವರ ಚೀಲಕ್ಕಾದರೆ ಬೆರಳಿಗೆ ಒತ್ತದಂತೆ ಗಂಟಿಲ್ಲದೆ ಜೋಡಿಸುವ ಹೊಲಿಗೆಯೊಂದಿದೆ. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಯುದ್ಧಮಂತ್ರಿ ಕಿಚನರ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಕಂದಕಗಳ ಕೆಸರಿನಲ್ಲಿ ಕಾಲು ಕೊಳೆಯುತ್ತಿದ್ದ ಸೈನಿಕರಿಗಾಗಿ ಮನೆಮನೆಯ ಹೆಂಗಸರು ರಾಶಿ ರಾಶಿ ಕಾಲುಚೀಲ ಹೆಣೆದು ಕಳಿಸಿದ ಕಾಲ ಅದು.

ಎಂಟನೇ ತರಗತಿಯ ಹುಡುಗನಿಗೂ ಈ ಲೆಕ್ಕ ಬರುತ್ತದೆ. ಹುಡುಗನಿಗೆ ಏಕೆ ಎಂದು ಹುಬ್ಬೇರಿಸುವ ತಂದೆಯರಿಗೊಂದು ಮಾತು. ಯುರೋಪಿನ ಪಟ್ಟಣಗಳಲ್ಲಿ ಹೆಣಿಗೆಯ ವೃತ್ತಿಸಂಘಗಳನ್ನು ನಡೆಸುತ್ತಿದ್ದವರು ಗಂಡಸರು. ದಕ್ಷಿಣ ಅಮೆರಿಕದ ಪೆರು ದೇಶದ ಟಾಕಿಲೆ ದ್ವೀಪದಲ್ಲಿ ಇಂದಿಗೂ ಕಡ್ಡಿ ಹಿಡಿದು ಟೋಪಿ ಹೆಣೆಯುವುದು ಗಂಡಸರ ಕೆಲಸ. ಆ ದ್ವೀಪದ ಜವಳಿ ಕಲೆಯನ್ನು ಯುನೆಸ್ಕೊ 2005ರಲ್ಲಿ ಮನುಕುಲದ ಪರಂಪರೆಯೆಂದು ಗುರುತಿಸಿತು. ಕೊನೆಗೆ, ಕಾಲುಚೀಲ ಹೆಣೆಯುವ ಮೊದಲ ಯಂತ್ರವನ್ನು 1589ರಲ್ಲಿ ಮಾಡಿದ ವಿಲಿಯಂ ಲೀ ಇಂಗ್ಲೆಂಡಿನ ಒಬ್ಬ ಪಾದ್ರಿ. ಬಡ ಹೆಣಿಗೆಯವರ ಅನ್ನ ಹೋದೀತೆಂದು ಎಲಿಜಬೆತ್ ರಾಣಿ ಅವನಿಗೆ ಪೇಟೆಂಟು ನಿರಾಕರಿಸಿದಳೆಂದು ಕಥೆ ಹೇಳುತ್ತಾರೆ.

ಹಿಮ್ಮಡಿ ಎಂದರೆ ಹೆದರಿಕೆಯೇ? ಹಿಮ್ಮಡಿಯಿಲ್ಲದೆಯೂ ಹೆಣೆಯಬಹುದು. ಪಟ್ಟಿಯ ಎರಡು ಸೀದಾ ಎರಡು ಉಲ್ಟಾವನ್ನೇ ತುದಿಯವರೆಗೂ ಮುಂದುವರಿಸಿ, ನಾಲ್ಕು ಸುತ್ತಿಗೊಮ್ಮೆ ಒಂದು ಕುಣಿಕೆಯಷ್ಟು ಪಕ್ಕಕ್ಕೆ ಸರಿಸುತ್ತ ಹೋದರೆ ಸುರುಳಿ ಗೆರೆಯ ಕೊಳವೆಯಾಗುತ್ತದೆ. ನಡೆಯದ ಕೂಸಿನ ಕಾಲಿಗೆ ಅದು ಚೆನ್ನಾಗಿಯೇ ಕೂರುತ್ತದೆ, ಒದ್ದರೂ ಬೇಗ ಕಳಚದು.

ತೂಕ ಕಡಿಮೆ ಇರುವ ಕೂಸಿಗೆ

ಇಷ್ಟೆಲ್ಲ ಬರೀ ಅಂದಕ್ಕೆಂದು ತಿಳಿಯಬೇಡಿ. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಮಗು ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ, 1970ರ ದಶಕದ ಕೊನೆಯಲ್ಲಿ, ವೈದ್ಯರು ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವ ಉಪಾಯ ಕಂಡುಕೊಂಡರು. ಕಾಂಗರೂ ಆರೈಕೆ ಎಂಬ ಹೆಸರಿನಲ್ಲಿ ಈಗ ಅದು ಲೋಕವೆಲ್ಲ ಹಬ್ಬಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಆಗ ಮಗುವಿನ ಮೈಮೇಲೆ ಇರುವುದು ಮೂರೇ ವಸ್ತು: ಲಂಗೋಟಿ, ತಲೆಗೆ ಟೋಪಿ, ಕಾಲಿಗೆ ಚೀಲ.

ನಂಜನಗೂಡು, ನರಸೀಪುರದ ಕಡೆಯ ಎಷ್ಟೋ ತಾಯಂದಿರು ಹೆರಿಗೆಗೆ ಹೋಗುವ ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆ ಹುಟ್ಟುವ ಮಕ್ಕಳಲ್ಲಿ ಇಂಥವೂ ಇರುತ್ತವೆ. ಅಂಗಡಿಯ ಚೀಲ ಅವುಗಳ ಕಾಲಿಗೆ ದೊಗಳೆ. ಎರಡು ಕೆ.ಜಿ.ಯೂ ಇಲ್ಲದ ಕೂಸಿಗೆ 32ರ ಬದಲು 24 ಕುಣಿಕೆ ಹಾಕಿ ಕೊಳವೆ ಹೆಣೆದರೆ ಅಳತೆ ಹತ್ತಿರ ಬರುತ್ತದೆ. ಅಂಗಡಿಯವನು ಮಾಡಿಕೊಡಲಾರದ ಕೆಲಸ ಇದು. ತಾಲ್ಲೂಕು ಆಸ್ಪತ್ರೆಯ ನರ್ಸಮ್ಮನನ್ನೋ ಆಶಾ ಕಾರ್ಯಕರ್ತೆಯನ್ನೋ ಮೊದಲೇ ಕೇಳಿ, ಅವರು ಬೇಕೆಂದರೆ ಒಗೆದು ಬಿಸಿಲಿಗೆ ಒಣಗಿಸಿ ಕೊಡಬೇಕು.

ತಿಂಗಳು ತುಂಬಿ ಹುಟ್ಟಿದ ಗುಂಡು ಮಗುವಿಗೆ ಏಪ್ರಿಲ್ ಬಿಸಿಲಿನಲ್ಲಿ ಕುಲಾವಿ, ಚೀಲ, ಸ್ವೆಟರು ಎಲ್ಲ ಏರಿಸಿ ಬೆವರಿಳಿಸುವುದು ಬೇಡ. ಕತ್ತು ಮುಟ್ಟಿ ನೋಡಿ, ಬೆವರಿದ್ದರೆ ತೆಗೆಯಿರಿ. ಬಾಣಂತಿಗೂ ಅದೇ ಮಾತು ಅನ್ವಯಿಸುತ್ತದೆ, ಆದರೆ ಅಜ್ಜಿಯರ ಎದುರು ಅದನ್ನು ಹೇಳುವ ಧೈರ್ಯ ಬೇಕು!

ಕೊಡುವ ಮುನ್ನ ಚೀಲವನ್ನು ಒಳಮೈ ಹೊರಗೆ ಮಾಡಿ ಬೆರಳಾಡಿಸಿ. ಒಳಗೆ ಸಡಿಲವಾದ ಎಳೆ, ಕುಣಿಕೆ ಇದ್ದರೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ನಿಲ್ಲಿಸಿಬಿಡಬಹುದು. ಅದು ಅಳುತ್ತದೆಯೇ ಹೊರತು ಎಲ್ಲಿ ಎಂದು ಹೇಳಲಾರದು. ಎಳೆಗಳ ತುದಿಯನ್ನು ಸೂಜಿಯಿಂದ ಹೆಣಿಗೆಯೊಳಕ್ಕೆ ಪೋಣಿಸಿ ಕತ್ತರಿಸಿ. ಮಣಿ, ಗುಂಡಿಗಳ ಅಲಂಕಾರ ಬೇಡ. ಸಾಲುಗಳ ಎಣಿಕೆಯನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳದಿದ್ದರೆ ಎರಡನೆಯದು ಒಂದು ಬೆರಳು ಗಿಡ್ಡವಾಗುವುದು ಖಂಡಿತ. ಉಳಿದ ದಾರವನ್ನು ಸಣ್ಣ ಉಂಡೆ ಮಾಡಿ ಚೀಲದ ಜೊತೆಗೇ ಇಟ್ಟು ಕೊಡಿ. ಮಗು ಅಂಬೆಗಾಲಿಕ್ಕುವ ಹೊತ್ತಿಗೆ ಹೆಬ್ಬೆರಳಿನ ಜಾಗ ಸವೆಯುತ್ತದೆ, ತೇಪೆಗೆ ಅದೇ ಬಣ್ಣ ಬೇಕಾಗುತ್ತದೆ.