ಚಾಸಿ ಅವರದು, ಬಾಡಿ ನಮ್ಮದು: ಅಂಗೈ ಮೇಲಿನ ಉಗಿಬಂಡಿ

ಗಂಗಾವತಿಯಿಂದ ಕಾರಟಗಿ ಕಡೆಗೆ ಹೊರಟರೆ ನಡುವೆ ಶ್ರೀರಾಮನಗರ ಸಿಗುತ್ತದೆ. ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಗೆ ಹರಿದ ಮೇಲೆ ಬೆಳೆದ ಕ್ಯಾಂಪು ಊರುಗಳಲ್ಲಿ ಇದೂ ಒಂದು. ಸುತ್ತ ಭತ್ತದ ಗದ್ದೆ, ಅಕ್ಕಿ ಗಿರಣಿ, ಗಿರಣಿಯ ಮುಂದೆ ಸಾಲು ಲಾರಿ. ಲಾರಿ ಕೊಂಡವರಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಿಲ್ಲ: ಕಂಪನಿಯಿಂದ ಬರುವುದು ಚಾಸಿ. ಎಂಜಿನ್ನು, ಗೇರು, ಗಾಲಿ ಎಲ್ಲ ಅದರಲ್ಲೇ ಇರುತ್ತವೆ. ಮೇಲಿನ ಬಾಡಿಯನ್ನು ವರ್ಕ್‌ಶಾಪಿನಲ್ಲಿ ಬೇಕಾದಂತೆ ಕಟ್ಟಿಸಿಕೊಳ್ಳುತ್ತಾರೆ. ಭತ್ತದ ಚೀಲ ಹೇರುವವರಿಗೆ ಒಂದು ಬಗೆ, ಜಲ್ಲಿ ಹೇರುವವರಿಗೆ ಇನ್ನೊಂದು ಬಗೆ.

ಪುಟ್ಟ ರೈಲು ಮಾದರಿಗಳ ಲೋಕದಲ್ಲಿ ‘ಕನ್ವರ್ಷನ್ ಕಿಟ್’ ಅನ್ನುವುದು ಇದೇ ಕೆಲಸ. ಅಂಗಡಿಯಲ್ಲಿ ಸಿಗುವ, ಚೆನ್ನಾಗಿ ಓಡುವ ಒಂದು ಮಾದರಿ ಎಂಜಿನ್ ಕೊಳ್ಳಬೇಕು. ಅದರ ಮೇಲಿನ ಕವಚ ತೆಗೆಯಬೇಕು. ಮೋಟಾರು, ಹಲ್ಲುಗಾಲಿ, ಗಾಲಿ ಇರುವ ಚಾಸಿಯ ಮೇಲೆ ಬೇರೊಂದು ಎಂಜಿನ್ನಿನ ಬಾಡಿ ಕೂರಿಸಬೇಕು. ಆ ಬಾಡಿಯ ಬಿಡಿಭಾಗಗಳು, ಜೋಡಿಸುವ ಕ್ರಮ ಹೇಳುವ ಹಾಳೆ, ಇವೆರಡೂ ಸೇರಿದ ಡಬ್ಬಿಯೇ ಕಿಟ್. ಸಣ್ಣ ಮೋಟಾರು ಮತ್ತು ಹಲ್ಲುಗಾಲಿಗಳನ್ನು ಸಲೀಸಾಗಿ ಓಡುವಂತೆ ಮಾಡುವುದು ದೊಡ್ಡ ಕಾರ್ಖಾನೆಯ ಕೆಲಸ. ಬಾಡಿ ಕಟ್ಟುವುದು ಕೈಗೆಲಸ ಬಲ್ಲ ಒಬ್ಬರು ಮೇಜಿನ ಮೇಲೆ ಮಾಡಬಹುದಾದ ಕೆಲಸ.

ಯಾವ ಎಂಜಿನ್ ಮಾಡೋಣ?

ಕಿಟ್ ಹುಟ್ಟುವುದು ಒಂದು ಕೊರತೆಯಿಂದ. ಜರ್ಮನಿ, ಬ್ರಿಟನ್, ಅಮೆರಿಕ, ಜಪಾನಿನ ಎಂಜಿನ್‌ಗಳ ಮಾದರಿಗಳು ಅಂಗಡಿಯಲ್ಲಿ ಸಾಲುಸಾಲಾಗಿ ಸಿಗುತ್ತವೆ. ನಮ್ಮ ಸೀಮೆಯಲ್ಲಿ ಓಡಿದ ಎಂಜಿನ್ ಹಾಗೆ ಸಿಗುವುದಿಲ್ಲ.

ನಮ್ಮ ಸೀಮೆಯ ರೈಲಿನ ಕತೆ ಎರಡು ಹಳಿಗಳ ಕತೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹೊಸಪೇಟೆ, ಕೊಪ್ಪಳ, ಗದಗಿನ ಮೇಲೆ ಹಾಕಿದ್ದು ಮೀಟರ್‌ಗೇಜ್ ಹಳಿ. ಎರಡು ಕಂಬಿಗಳ ನಡುವೆ ಸರಿಯಾಗಿ 1,000 ಮಿಲಿಮೀಟರು. ನೂರು ವರ್ಷ ದಾಟಿದ ಮೇಲೆ, 1990ರ ದಶಕದಲ್ಲಿ ಅದು 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಆಯಿತು. ಗಿಣಿಗೇರಾದಿಂದ ಕವಲೊಡೆದು ರಾಯಚೂರಿನ ಕಡೆ ಸಾಗಬೇಕಾದ ಹೊಸ ಹಾದಿ ಮಂಜೂರಾದದ್ದು 1997-98ರಲ್ಲಿ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಆಮೇಲೆ ಕಾರಟಗಿಗೆ. ಹೀಗಾಗಿ ಗಂಗಾವತಿ ಸೀಮೆಯ ಮಕ್ಕಳು ತಮ್ಮೂರ ಹಳಿಯ ಮೇಲೆ ಉಗಿಬಂಡಿ ಓಡಿದ್ದನ್ನು ಕಂಡೇ ಇಲ್ಲ. ಕೊಪ್ಪಳದ ಅಜ್ಜಂದಿರು ಕಂಡಿದ್ದಾರೆ. ಮೊಮ್ಮಕ್ಕಳಿಗೆ ಅದನ್ನು ತೋರಿಸಬೇಕೆಂದರೆ ಮಾದರಿಯೇ ದಾರಿ.

ಆದ್ದರಿಂದ ಈ ಅಧ್ಯಾಯಕ್ಕೆ ‘ವೈಪಿ’ ಎಂಜಿನ್ನನ್ನು ಆರಿಸಿಕೊಳ್ಳೋಣ. ಇದು ಸ್ವತಂತ್ರ ಭಾರತದ ಮೀಟರ್‌ಗೇಜ್ ಪ್ಯಾಸೆಂಜರ್ ಗಾಡಿಗಳ ಮುಖ್ಯ ಉಗಿ ಎಂಜಿನ್. 1949ರಿಂದ 1970ರವರೆಗೆ 871 ಎಂಜಿನ್‌ಗಳು ತಯಾರಾದವು. ಮೊದಲಿನವು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂದವು. ಆಮೇಲೆ ಗ್ಲಾಸ್ಗೋದ ನಾರ್ತ್ ಬ್ರಿಟಿಷ್, ಜರ್ಮನಿಯ ಕ್ರೌಸ್-ಮಾಫೈ ಕಾರ್ಖಾನೆಗಳು ಮಾಡಿದವು. ಉಳಿದ ದೊಡ್ಡ ಪಾಲು ಜಮ್‌ಶೆಡ್‌ಪುರದ ಟೆಲ್ಕೊದಲ್ಲಿ ಆಯಿತು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಎಳೆಯುವ ಆರು ದೊಡ್ಡ ಗಾಲಿ, ಕುಲುಮೆಯ ಕೆಳಗೆ ಎರಡು ಗಾಲಿ. ಈ ಜೋಡಣೆಯನ್ನು 4-6-2 ಎಂದು ಬರೆಯುತ್ತಾರೆ.

ಲೆಕ್ಕದಲ್ಲಿ ಸಿಕ್ಕ ವರ

ಮಾದರಿ ರೈಲಿನಲ್ಲಿ ಎರಡು ಅಳತೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ಸ್ಕೇಲು, ಅಂದರೆ ನಿಜವಾದದ್ದನ್ನು ಎಷ್ಟು ಪಾಲು ಕಿರಿದು ಮಾಡಿದ್ದೇವೆ ಎಂಬುದು. ಇನ್ನೊಂದು ಗೇಜು, ಅಂದರೆ ಪುಟ್ಟ ಹಳಿಯ ಕಂಬಿಗಳ ನಡುವಿನ ಅಂತರ. ಎಚ್‌ಒ ಸ್ಕೇಲು 87ರಲ್ಲಿ ಒಂದು ಪಾಲು, ಅದರ ಹಳಿ 16.5 ಮಿಲಿಮೀಟರು. ಎನ್ ಸ್ಕೇಲು 160ರಲ್ಲಿ ಒಂದು ಪಾಲು, ಹಳಿ 9 ಮಿಲಿಮೀಟರು. ಝಡ್ ಸ್ಕೇಲು 220ರಲ್ಲಿ ಒಂದು ಪಾಲು, ಹಳಿ 6.5 ಮಿಲಿಮೀಟರು. ಈ ಮೂರೂ ಯುರೋಪು-ಅಮೆರಿಕದ 1,435 ಮಿಲಿಮೀಟರ್ ಹಳಿಯನ್ನು ಕಿರಿದು ಮಾಡಿ ಹೊಂದಿಸಿದವು.

ನಮ್ಮ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರು ಬರುತ್ತದೆ. ಅಂಗಡಿಯ ಹಳಿ 16.5. ಸುಮಾರು 2.8 ಮಿಲಿಮೀಟರು ಕಡಿಮೆ. ಎಂಜಿನ್ ಎಷ್ಟೇ ಚೆಂದ ಮಾಡಿದರೂ ಎದುರಿನಿಂದ ನೋಡಿದಾಗ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ.

ಈಗ ಮೀಟರ್‌ಗೇಜನ್ನು ಎನ್ ಸ್ಕೇಲಿಗೆ ಇಳಿಸಿ ನೋಡಿ. 1,000ವನ್ನು 160ರಿಂದ ಭಾಗಿಸಿದರೆ 6.25. ಝಡ್ ಹಳಿ 6.5. ವ್ಯತ್ಯಾಸ ಕಾಲು ಮಿಲಿಮೀಟರು ಮಾತ್ರ. ಅಂದರೆ ಝಡ್ ಚಾಸಿಯ ಮೇಲೆ ಎನ್ ಸ್ಕೇಲಿನ ಬಾಡಿ ಕೂರಿಸಿದರೆ ನಮ್ಮ ಮೀಟರ್‌ಗೇಜ್ ಎಂಜಿನ್ ಹೆಚ್ಚುಕಡಿಮೆ ತನ್ನ ಹಳಿಯ ಮೇಲೆಯೇ ನಿಲ್ಲುತ್ತದೆ.

ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿ 1972ರಿಂದ ಝಡ್ ರೈಲುಗಳನ್ನು ಮಾಡುತ್ತಿದೆ. ಜರ್ಮನ್ ರೈಲ್ವೆಯ 4-6-2 ಎಕ್ಸ್‌ಪ್ರೆಸ್ ಎಂಜಿನ್ನಿನ ಮಾದರಿಯೂ ಅದರಲ್ಲಿದೆ. ಆ ಎಂಜಿನ್ನಿನ ದೊಡ್ಡ ಗಾಲಿಯ ವ್ಯಾಸ 2,000 ಮಿಲಿಮೀಟರು. 220ರಿಂದ ಭಾಗಿಸಿದರೆ 9.1. ವೈಪಿಯ ದೊಡ್ಡ ಗಾಲಿ 1,372 ಮಿಲಿಮೀಟರು. 160ರಿಂದ ಭಾಗಿಸಿದರೆ 8.6. ಅರ್ಧ ಮಿಲಿಮೀಟರಿನ ವ್ಯತ್ಯಾಸ. ಗಾಲಿಯ ಲೆಕ್ಕ ಒಂದೇ, ಗಾತ್ರ ಹತ್ತಿರಹತ್ತಿರ, ಗೇಜು ಹೊಂದುತ್ತದೆ. ಕಿಟ್ ಮಾಡುವವರಿಗೆ ಇಂಥ ಹೊಂದಾಣಿಕೆ ಸಿಗುವುದು ಅಪರೂಪ.

ಎಲ್ಲಿ ಬಿಟ್ಟುಕೊಡಬೇಕು?

ಎಲ್ಲವೂ ಹೊಂದುವುದಿಲ್ಲ. ಗಾಲಿಗಳ ನಡುವಿನ ಅಂತರ ಮೂಲಕ್ಕಿಂತ ಸ್ವಲ್ಪ ಬೇರೆ ಇರುತ್ತದೆ. ಝಡ್ ಉಗಿ ಎಂಜಿನ್ನಿನಲ್ಲಿ ಮೋಟಾರು ಬಾಯ್ಲರಿನ ಹೊಟ್ಟೆಯಲ್ಲೇ ಕೂತಿರುತ್ತದೆ. ಹೊಸ ಬಾಯ್ಲರಿನೊಳಗೆ ಅದಕ್ಕೆ ಜಾಗ ಬೇಕು. ಹೊರಗಿನ ಅಳತೆ ಸರಿಯಿರಬೇಕು, ಒಳಗೆ ಟೊಳ್ಳು ಸಾಕಷ್ಟಿರಬೇಕು, ಗೋಡೆ ತೆಳ್ಳಗಿರಬೇಕು.

ಇಲ್ಲಿಯೇ ಮಾದರಿಕಾರನ ನಿಜವಾದ ಕೆಲಸ ಇರುವುದು. ಯಾವುದನ್ನು ಬಿಟ್ಟುಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಯಾವುದನ್ನು ಬಿಟ್ಟರೆ ಎಂಜಿನ್ನಿನ ಮುಖವೇ ಕೆಡುತ್ತದೆ ಎಂದು ಮೊದಲೇ ತೀರ್ಮಾನಿಸಬೇಕು. ಬಾಯ್ಲರಿನ ಎತ್ತರ, ಚಿಮಣಿಯ ಆಕಾರ, ಕ್ಯಾಬಿನ ಕಿಟಕಿ, ಟೆಂಡರಿನ (ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿಯ) ಉದ್ದ, ಇವು ಮುಖದ ಲಕ್ಷಣಗಳು. ಇವುಗಳಲ್ಲಿ ರಾಜಿ ಬೇಡ. ಗಾಲಿಯ ವ್ಯಾಸದಲ್ಲಿ ಅರ್ಧ ಮಿಲಿಮೀಟರು ಹೆಚ್ಚಾದರೆ ತಡೆದುಕೊಳ್ಳಬಹುದು. ರಾಜಿ ಎಲ್ಲೆಲ್ಲಿ ಆಗಿದೆ ಎಂದು ಕಿಟ್ಟಿನ ಹಾಳೆಯಲ್ಲಿ ಬರೆದಿಡುವುದು ಪ್ರಾಮಾಣಿಕತೆ.

ಅದಕ್ಕಾಗಿ ನಿಜವಾದ ಎಂಜಿನ್ನನ್ನು ಕಣ್ಣಾರೆ ನೋಡಬೇಕು. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಹಳೆಯ ಉಗಿ ಎಂಜಿನ್‌ಗಳ ಪಕ್ಕದಲ್ಲೇ ನಿಂತು ನೋಡಬಹುದು. ಹುಬ್ಬಳ್ಳಿಯಲ್ಲಿಯೂ 2020ರಿಂದ ಒಂದು ರೈಲು ವಸ್ತುಸಂಗ್ರಹಾಲಯವಿದೆ. ಫೋಟೊ ತೆಗೆಯುವಾಗ ಎಂಜಿನ್ನಿಗೆ ಒರಗಿಸಿದಂತೆ ಅಳತೆಪಟ್ಟಿ ಅಂಟಿಸಿದ ಒಂದು ಕೋಲು ನಿಲ್ಲಿಸಿ. ಮನೆಗೆ ಬಂದ ಮೇಲೆ ಆ ಕೋಲೇ ಉಳಿದ ಅಳತೆಗಳನ್ನು ಹೇಳುತ್ತದೆ. ಓಡಾಟವಿರುವ ಹಳಿಯ ಮೇಲಾಗಲಿ, ಅನುಮತಿಯಿಲ್ಲದೆ ಶೆಡ್ಡಿನೊಳಗಾಗಲಿ ಕಾಲಿಡಬೇಡಿ.

ಹಿತ್ತಾಳೆ, ಮೇಣ, ರಾಳ

ಕಿಟ್ಟಿನ ಭಾಗಗಳನ್ನು ಮಾಡುವ ಬಗೆ ಮುಖ್ಯವಾಗಿ ಮೂರು.

ಮೊದಲನೆಯದು ಹಿತ್ತಾಳೆ ತಗಡನ್ನು ರಾಸಾಯನಿಕದಿಂದ ಕೊರೆಯುವುದು. ಕಾಲು ಮಿಲಿಮೀಟರ್ ದಪ್ಪದ ತಗಡಿನ ಎರಡೂ ಬದಿಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚುತ್ತಾರೆ. ಚಿತ್ರದ ಫಿಲ್ಮ್ ಇಟ್ಟು ಬೆಳಕು ಹಾಯಿಸಿ, ಆಮೇಲೆ ಫೆರಿಕ್ ಕ್ಲೋರೈಡಿನಲ್ಲಿ ಅದ್ದುತ್ತಾರೆ. ಎರಡೂ ಬದಿಯಲ್ಲಿ ಲೇಪವಿಲ್ಲದ ಜಾಗ ಪೂರ್ತಿ ಕರಗಿ ತೂತಾಗುತ್ತದೆ. ಒಂದೇ ಬದಿಯಲ್ಲಿ ಲೇಪವಿಲ್ಲದಿದ್ದರೆ ಅರ್ಧ ಆಳ ಮಾತ್ರ ಕರಗುತ್ತದೆ. ಈ ಅರ್ಧ ಆಳವೇ ಇಡೀ ವಿದ್ಯೆಯ ಗುಟ್ಟು. ಅರ್ಧ ಕೊರೆದ ಗೆರೆಯ ಮೇಲೆ ತಗಡು ನೇರವಾಗಿ ಮಡಚಿಕೊಳ್ಳುತ್ತದೆ, ಕ್ಯಾಬಿನ ಮೂಲೆ ಚೂಪಾಗಿ ಬರುತ್ತದೆ. ಹಿಂಬದಿಯ ಅರ್ಧ ಕೊರೆದ ಚುಕ್ಕಿಯನ್ನು ಮೊಂಡು ಸೂಜಿಯಿಂದ ಒತ್ತಿದರೆ ಮುಂಬದಿಯಲ್ಲಿ ರಿವೆಟ್ಟಿನ ತಲೆ ಏಳುತ್ತದೆ. ಕ್ಯಾಬು, ಟೆಂಡರು, ನಡೆಹಲಗೆ, ಏಣಿಗಳಿಗೆ ಈ ಬಗೆ ಸರಿ.

ಎರಡನೆಯದು ಎರಕ. ಚಿಮಣಿ, ಮರಳಿನ ಗುಮ್ಮಟ, ಪಂಪುಗಳಂಥ ದುಂಡು ಭಾಗಗಳಿಗೆ ಮೇಣದ ಪಡಿಯಚ್ಚು ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು ಹಿತ್ತಾಳೆ ಹೊಯ್ಯುತ್ತಾರೆ. ನಮ್ಮ ಪಂಚಲೋಹದ ವಿಗ್ರಹಗಳ ವಿದ್ಯೆಯೇ ಇದು. ಲೋಹ ಆರುವಾಗ ಕುಗ್ಗುತ್ತದೆ. ಅದಕ್ಕಾಗಿ ಪಡಿಯಚ್ಚನ್ನು ತುಸು ದೊಡ್ಡದಾಗಿಯೇ ಮಾಡಬೇಕು.

ಮೂರನೆಯದು ರಾಳದ ತ್ರೀಡಿ ಮುದ್ರಣ. ಕಂಪ್ಯೂಟರಿನಲ್ಲಿ ಬರೆದ ಬಾಯ್ಲರು ಪದರ ಪದರವಾಗಿ ಎದ್ದು ಬರುತ್ತದೆ. ಒಂದು ಪದರ 0.05 ಮಿಲಿಮೀಟರ್ ಎಂದರೆ ನಿಜವಾದ ಎಂಜಿನ್ನಿನ ಮೇಲೆ 8 ಮಿಲಿಮೀಟರಿಗೆ ಸಮ. ಬಾಯ್ಲರಿನ ದುಂಡಿನ ಮೇಲೆ ಆ ಮೆಟ್ಟಿಲು ಕಾಣುತ್ತದೆ. ಬಣ್ಣಕ್ಕೆ ಮುಂಚೆ ತಿಕ್ಕಿ ನುಣುಪು ಮಾಡಲೇಬೇಕು.

ಬಣ್ಣಕ್ಕೆ ಮುಂಚಿನ ಈ ತಯಾರಿಗೆ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಗುರುಗಳಿದ್ದಾರೆ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆಯ ಭಾಗಗಳನ್ನು ಬೇರೆಬೇರೆ ಕೆತ್ತುತ್ತಾರೆ. ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆ ಅಂಟು ಕಲಸಿದ ‘ಕಿಟ್ಟ’ವನ್ನು ಮೈತುಂಬ ಬಳಿದು ಸಂದು ಮುಚ್ಚುತ್ತಾರೆ. ಒಡವೆಯ ಉಬ್ಬನ್ನು ಕಲ್ಲುಪುಡಿಯ ಸರಿಯಿಂದ ಎಬ್ಬಿಸುತ್ತಾರೆ. ಬಣ್ಣ ಕೊನೆಗೆ. ಭಾಗ, ಕೂಡಿಕೆ, ಸಂದು, ಉಬ್ಬು, ಬಣ್ಣ ಎಂಬ ಈ ಕ್ರಮವನ್ನು ಹಿಂದೆಮುಂದೆ ಮಾಡಿದರೆ ರೈಲು ಮಾದರಿಯೂ ಕೆಡುತ್ತದೆ. ರಿವೆಟ್ಟುಗಳ ವಿಷಯಕ್ಕೂ ಕಿನ್ನಾಳದ ಪಾಠ ಅನ್ವಯಿಸುತ್ತದೆ. 25 ಮಿಲಿಮೀಟರಿನ ರಿವೆಟ್ ತಲೆ ಎನ್ ಸ್ಕೇಲಿನಲ್ಲಿ 0.16 ಮಿಲಿಮೀಟರು. ಬಣ್ಣದ ಪದರದಡಿ ಅದು ಮುಳುಗಿಹೋಗುತ್ತದೆ. ಉಬ್ಬನ್ನು ಕೂದಲೆಳೆಯಷ್ಟು ಹೆಚ್ಚಿಸಿದರೇ ಕಣ್ಣಿಗೆ ಸರಿಯೆನಿಸುತ್ತದೆ.

ಓಡಬೇಕಲ್ಲ!

ನೋಡಲು ಚೆಂದವಿದ್ದು ಓಡದಿದ್ದರೆ ಅದು ಪ್ರತಿಮೆ. ಓಡಿಸಲು ಮೂರು ಅಡ್ಡಿಗಳನ್ನು ದಾಟಬೇಕು.

ಒಂದು, ತಿರುವು. ಭಾರತದ ಮೀಟರ್‌ಗೇಜಿನಲ್ಲಿ ಅತಿ ಚೂಪಾದ ತಿರುವಿನ ತ್ರಿಜ್ಯ ಸುಮಾರು 109 ಮೀಟರು. ಝಡ್ ಹಳಿಯ ಅತಿ ಚೂಪು ತಿರುವು 145 ಮಿಲಿಮೀಟರು, ನಮ್ಮ ಸ್ಕೇಲಿನಲ್ಲಿ ಬರೀ 23 ಮೀಟರು. ಅಂಥ ತಿರುವಿನಲ್ಲಿ ಮುಂದಿನ ಸಣ್ಣ ಗಾಲಿಗಳು ಪಕ್ಕಕ್ಕೆ ಸರಿದು ಸಿಲಿಂಡರಿಗೆ ತಾಗುತ್ತವೆ. ಸಿಲಿಂಡರಿನ ಒಳಬದಿಯನ್ನು ತೆಳುಮಾಡಬೇಕು, ಇಲ್ಲವೇ 195 ಮಿಲಿಮೀಟರಿಗಿಂತ ಚೂಪು ತಿರುವು ಬೇಡವೆಂದು ಡಬ್ಬಿಯ ಮೇಲೆಯೇ ಹೇಳಬೇಕು.

ಎರಡು, ಕರೆಂಟು. ಮಾದರಿ ಎಂಜಿನ್ನಿಗೆ ವಿದ್ಯುತ್ ಬರುವುದು ಎರಡು ಕಂಬಿಗಳಿಂದ. ಝಡ್ ಗಾಡಿಗಳು 10 ವೋಲ್ಟಿನ ಒಳಗೆ ಓಡುತ್ತವೆ. ಹಿತ್ತಾಳೆಯ ಬಾಡಿ ಒಂದು ಬದಿಯ ಕರೆಂಟು ಹಿಡಿದು ಇನ್ನೊಂದು ಬದಿಯ ಗಾಲಿಗೆ ತಾಗಿದರೆ ಶಾರ್ಟ್ ಆಗಿ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಲೋಹದ ಬಾಡಿಗೂ ಚಾಸಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಡುವುದನ್ನು ನಕ್ಷೆಯಲ್ಲೇ ಸೇರಿಸಿ.

ಮೂರು, ತೂಕ. ಉದ್ದ 160ರಲ್ಲಿ ಒಂದು ಪಾಲಾದರೆ ತೂಕ 160ರ ಘನದಷ್ಟು, ಅಂದರೆ ಸುಮಾರು 41 ಲಕ್ಷ ಪಾಲು ಇಳಿಯುತ್ತದೆ. 100 ಟನ್ ತೂಗುವ ಎಂಜಿನ್ ಬರೀ 24 ಗ್ರಾಂ ಆಗುತ್ತದೆ. ಗಾಲಿಗೆ ಹಿಡಿತ ಬರುವುದು ತೂಕದಿಂದ. ರಾಳದ ಹಗುರ ಬಾಡಿಯಾದರೆ ಬಾಯ್ಲರಿನ ಖಾಲಿ ಮೂಲೆಗಳಲ್ಲಿ ಭಾರ ತುಂಬಬೇಕು. ಅದೂ ಎಳೆಯುವ ಆರು ಗಾಲಿಗಳ ನೇರ ಮೇಲೆ.

ಇನ್ನೊಬ್ಬರ ಕೈಗೆ

ತನಗಾಗಿ ಒಂದು ಎಂಜಿನ್ ಮಾಡಿಕೊಳ್ಳುವುದು ಬೇರೆ, ಕಿಟ್ ಮಾಡುವುದು ಬೇರೆ. ತಾನೇ ಮಾಡುವಾಗ ತಪ್ಪಿದ್ದನ್ನು ಅರ ತಿಕ್ಕಿ ಸರಿಮಾಡಬಹುದು. ಕಿಟ್ಟಿನಲ್ಲಿ ಆ ತಪ್ಪು ಪ್ರತಿ ಡಬ್ಬಿಯೊಳಗೂ ಹೋಗುತ್ತದೆ. ಅದಕ್ಕೆ ಮೊದಲು ರಟ್ಟಿನಲ್ಲಿ, ಆಮೇಲೆ ಒಂದೇ ಒಂದು ಹಿತ್ತಾಳೆ ತಗಡಿನಲ್ಲಿ ಮಾಡಿ ನೋಡಬೇಕು. ಆ ಮೊದಲ ಕಿಟ್ಟನ್ನು ಮಾಡಿದವರು ಜೋಡಿಸಬಾರದು, ಬೇರೆಯವರ ಕೈಗೆ ಕೊಟ್ಟು ಸುಮ್ಮನೆ ಕೂತು ನೋಡಬೇಕು. ಅವರು ಎಲ್ಲಿ ತಡವರಿಸಿದರೋ ಅಲ್ಲಿ ತಪ್ಪಿರುವುದು ನಕ್ಷೆಯಲ್ಲಿ, ಇಲ್ಲವೇ ಸೂಚನೆಯ ಹಾಳೆಯಲ್ಲಿ. ಆ ಹಾಳೆ ಕನ್ನಡದಲ್ಲಿರಲಿ.

ನೀವೇ ಮಾಡಿ ನೋಡಿ

ಇವತ್ತೇ ಶುರುಮಾಡಲು ಹಿತ್ತಾಳೆ ಬೇಡ, ಮುದ್ರಣ ಯಂತ್ರ ಬೇಡ. ಫೆರಿಕ್ ಕ್ಲೋರೈಡನ್ನಂತೂ ಮಕ್ಕಳು ಮುಟ್ಟಬಾರದು. ಒಂದು ರಟ್ಟು, ಅಳತೆಪಟ್ಟಿ, ಕತ್ತರಿ ಸಾಕು. ಟೆಂಡರು ಸೇರಿ ವೈಪಿಯ ಉದ್ದ ಸುಮಾರು 19.1 ಮೀಟರು. 160ರಿಂದ ಭಾಗಿಸಿದರೆ 119 ಮಿಲಿಮೀಟರು. ಮೀಟರ್‌ಗೇಜ್ ಎಂಜಿನ್ನಿನ ಎತ್ತರ 3.4 ಮೀಟರ್ ಆಸುಪಾಸು, ಅಂದರೆ 21 ಮಿಲಿಮೀಟರು. ದೊಡ್ಡ ಗಾಲಿ 8.6 ಮಿಲಿಮೀಟರು. ಈ ಅಳತೆಗೆ ರಟ್ಟು ಕತ್ತರಿಸಿ, ಗಾಲಿ ಬರೆದು, ಅಂಗೈ ಮೇಲೆ ನಿಲ್ಲಿಸಿ.

ಚಾಸಿ ಜರ್ಮನಿಯದೇ ಇರಲಿ, ಅದರಲ್ಲಿ ಸಂಕೋಚವಿಲ್ಲ. ಲಾರಿಗೆ ಬಾಡಿ ಕಟ್ಟುವವರೂ ಗೊಂಬೆಗೆ ಮೈ ಕಟ್ಟುವವರೂ ಇರುವ ಜಿಲ್ಲೆ ನಮ್ಮದು. ಕೊಪ್ಪಳದ ಹಳಿಯ ಮೇಲೆ ಹೊಗೆ ಬಿಟ್ಟು ಓಡಿದ ಎಂಜಿನ್ನಿಗೆ ಬಾಡಿ ಕಟ್ಟುವ ಕೈಗಳು ಇಲ್ಲಿಯೇ ಇವೆ. ಅಳತೆಪಟ್ಟಿ ಹಿಡಿದು ನಿಮ್ಮ ಶಾಲೆಯಿಂದಲೇ ಆ ಕೆಲಸ ಶುರುಮಾಡಿ.